ಮೇಟಿ ಮನೆಗಳ ಬುಲೆಟ್ ಸೂಪು: ಉಂಡೆ ಒಡೆಯದಂತೆ ಬೇಯಿಸುವ ಕ್ರಮ

ತುಪ್ಪಳದ ವ್ಯಾಪಾರಕ್ಕೆಂದು ಬಂದ ಫ್ರೆಂಚ್, ಸ್ಕಾಟಿಷ್ ಗಂಡಸರು ಮತ್ತು ಕ್ರೀ, ಒಜಿಬ್ವೆ ಮೂಲನಿವಾಸಿ ಹೆಂಗಸರ ಸಂತತಿಯಾಗಿ ಕೆನಡಾದ ರೆಡ್ ರಿವರ್ ಸೀಮೆಯಲ್ಲಿ ಬೆಳೆದ ಮೇಟಿ ಜನರಲ್ಲಿ, ಹೊಸ ವರ್ಷದ ದಿನ ಬಂಧುಗಳು ಮನೆಯಿಂದ ಮನೆಗೆ ಹೋಗಿ ಊಟ ಮಾಡುವ ರೂಢಿಯಿದೆ. ಬಂದವರಿಗೆಲ್ಲ ಬಡಿಸುವುದು ಖೀಮಾ ಉಂಡೆಗಳ ಬುಲೆಟ್ ಸೂಪು. ಹಿಂದೆ ಬೈಸನ್ ಎಂಬ ಉತ್ತರ ಅಮೆರಿಕದ ಕಾಡೆಮ್ಮೆಯ ಮಾಂಸ ಬಳಸುತ್ತಿದ್ದರು. ಈಗ ಹೆಚ್ಚಾಗಿ ದನದ ಮಾಂಸ, ಬೇಟೆ ಸಿಕ್ಕರೆ ಮೂಸ್ ಎಂಬ ದೊಡ್ಡ ಜಾತಿಯ ಜಿಂಕೆಯ ಮಾಂಸ.

ಅರ್ಧ ಕಿಲೋ ಖೀಮಾಕ್ಕೆ ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ, ಒಂದು ಚಮಚ ಉಪ್ಪು, ಅರ್ಧ ಚಮಚ ಕಾಳುಮೆಣಸಿನ ಪುಡಿ ಬೆರೆಸಿ. ಗರಂ ಮಸಾಲೆ ಬೇಡವೇ ಬೇಡ. ಈ ಸೂಪಿನ ರುಚಿಯೆಲ್ಲ ಮಾಂಸದ ರಸದಲ್ಲಿದೆ. ಎರಡು ಲೀಟರ್ ನೀರಿಗೆ ಉಪ್ಪು, ಇನ್ನೊಂದು ಈರುಳ್ಳಿ ಹಾಕಿ ಕುದಿಯಲು ಇಡಿ.

ಹೆಚ್ಚಿನವರು ಕೆಡಿಸುವುದು ಮುಂದಿನ ಹಂತದಲ್ಲಿ. ಖೀಮಾವನ್ನು ಸಣ್ಣ ನಿಂಬೆಹಣ್ಣಿನ ಗಾತ್ರಕ್ಕೆ, ಬಿರುಕಿಲ್ಲದಂತೆ ಗಟ್ಟಿಯಾಗಿ ಉಂಡೆ ಕಟ್ಟಬೇಕು. ಅವುಗಳನ್ನು ಮೈದಾದಲ್ಲಿ ಹೊರಳಿಸುವುದು ನೀರಿಗೆ ಬಿಡುವ ಮುನ್ನವಷ್ಟೇ. ಮೊದಲೇ ಹೊರಳಿಸಿಟ್ಟರೆ ಹಿಟ್ಟು ತೇವ ಹೀರಿ ಅಂಟಂಟಾಗುತ್ತದೆ. ನೀರು ಕೊತಕೊತ ಕುದಿಯುತ್ತಿರುವಾಗ ಒಂದೊಂದನ್ನೇ ಇಳಿಬಿಡಿ, ಕುದಿ ತಗ್ಗಿದರೆ ಅದು ಮರಳುವವರೆಗೆ ಕಾಯಿರಿ. ಕುದಿಯುವ ನೀರು ತಾಗಿದೊಡನೆ ಉಂಡೆಯ ಮೇಲ್ಮೈ ಬಿಗಿಯುತ್ತದೆ, ಮೈದಾ ಬಿಟ್ಟುಕೊಂಡು ಸಾರನ್ನು ಮಂದವಾಗಿಸುತ್ತದೆ. ಬೆಚ್ಚಗಿನ ನೀರಿಗೆ ಹಾಕಿದರೆ ಉಂಡೆಗಳು ಬಿಚ್ಚಿಕೊಂಡು ಖೀಮಾದ ಗಂಜಿಯಾಗುತ್ತವೆ. ಎಲ್ಲ ಹಾಕಿದ ಮೇಲೆ ಉರಿ ತಗ್ಗಿಸಿ, ಹತ್ತು ನಿಮಿಷ ಸೌಟು ಆಡಿಸಬೇಡಿ. ತಳ ಹಿಡಿಯುವ ಅಂಜಿಕೆಯಿದ್ದರೆ ಪಾತ್ರೆಯ ಕಿವಿ ಹಿಡಿದು ಮೆಲ್ಲಗೆ ಅಲುಗಿಸಿದರೆ ಸಾಕು.

ನಂತರ ನಾಲ್ಕು ಆಲೂಗೆಡ್ಡೆ, ಎರಡು ಕ್ಯಾರೆಟ್ ಹೋಳುಗಳನ್ನು ಹಾಕಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಿ. ಸಾರು ತೆಳುವೆನಿಸಿದರೆ ತಟ್ಟೆಯಲ್ಲಿ ಉಳಿದ ಮೈದಾವನ್ನು ತಣ್ಣೀರಿನಲ್ಲಿ ಕದಡಿ ಸುರಿದು, ಇನ್ನೈದು ನಿಮಿಷ ಕುದಿಸಿ. ಅಂಗಡಿಯ ಸೂಪ್ ಕ್ಯೂಬ್ ಹಾಕಿದರೆ ಉಪ್ಪಿನ ಹೊರತು ಬೇರೆ ರುಚಿಯೇ ತಿಳಿಯದು. ಶೈತ್ಯೀಕರಿಸಿದ ಸಿದ್ಧ ಉಂಡೆಗಳೂ ಬೇಡ. ಅವುಗಳ ಮೈಮೇಲೆ ಮೈದಾ ಇಲ್ಲದ ಕಾರಣ ಸಾರು ನೀರಾಗಿಯೇ ಉಳಿಯುತ್ತದೆ.

ಜೊತೆಗೆ ಬ್ಯಾನಕ್ ರೊಟ್ಟಿ ಇರಲೇಬೇಕು. ಮೈದಾ, ಬೇಕಿಂಗ್ ಪೌಡರ್, ಉಪ್ಪು, ಕೊಬ್ಬು, ನೀರು ಸೇರಿಸಿ, ಹೆಚ್ಚು ನಾದದೆ ದಪ್ಪಗೆ ತಟ್ಟಿ ಬೇಯಿಸಿದರಾಯಿತು. ಅತಿಥಿಗಳು ಸರದಿಯಾಗಿ ಬರುತ್ತಿದ್ದರೆ ಸೂಪನ್ನು ಸಣ್ಣ ಉರಿಯಲ್ಲೇ ಇಟ್ಟು, ಮಂದವಾದಾಗ ತಣ್ಣೀರಿನ ಬದಲು ಬಿಸಿನೀರನ್ನೇ ಬೆರೆಸಿ.