ಮೈಕಿನ ಕಿವುಡು ಮೂಲೆ

ಹಾಡಲು ಕೊಂಡ ಹೊಸ ಕಂಡೆನ್ಸರ್ ಮೈಕಿಗೆ ಕೇಬಲ್ ಸಿಕ್ಕಿಸಿ "ಹಲೋ" ಅಂದೆ. ಸದ್ದಿಲ್ಲ. ಬೆರಳಲ್ಲಿ ತಟ್ಟಿದೆ, ಊದಿದೆ. ಊಹೂಂ. ಕೆಟ್ಟುಹೋದ ಮೈಕೇ ನನ್ನ ಪಾಲಿಗೆ ಬಂತು ಅಂತ ಗೊಣಗುತ್ತಾ, ಅದೇ ಕೇಬಲ್ಲಿಗೆ ಹಳೆಯ ಡೈನಾಮಿಕ್ ಮೈಕ್ ಹಾಕಿದರೆ ಅದು ಚೆನ್ನಾಗಿಯೇ ಕೆಲಸ ಮಾಡಿತು.

ತಪ್ಪು ಕೇಬಲ್ಲಿನದು. ಒಂದು ತುದಿಯಲ್ಲಿ ಮೂರು ಪಿನ್ನಿನ ಎಕ್ಸ್‌ಎಲ್‌ಆರ್, ಇನ್ನೊಂದು ತುದಿಯಲ್ಲಿ ಗಿಟಾರಿಗೆ ಹಾಕುವಂಥ ದಪ್ಪ ಜ್ಯಾಕ್. ಡೈನಾಮಿಕ್ ಮೈಕಿಗೆ ಹೊರಗಿನ ಕರೆಂಟ್ ಬೇಡ. ಅದರೊಳಗಿನ ತಂತಿಯ ಸುರುಳಿ ಅಯಸ್ಕಾಂತದ ನಡುವೆ ಅಲುಗಾಡಿ ತಾನೇ ಸಿಗ್ನಲ್ ಹುಟ್ಟಿಸುತ್ತದೆ. ಕಂಡೆನ್ಸರಿನಲ್ಲಿ ಇರುವುದು ಕೆಲವೇ ಮೈಕ್ರಾನ್ ದಪ್ಪದ ಪೊರೆ, ಅದರ ಹಿಂದೆ ಒಂದು ತಟ್ಟೆ, ಜೊತೆಗೊಂದು ಪುಟ್ಟ ಆಂಪ್ಲಿಫೈಯರ್. ಇದು ನಡೆಯಲು ಮಿಕ್ಸರಿನಿಂದ 48 ವೋಲ್ಟಿನ ಫ್ಯಾಂಟಮ್ ಪವರ್, ಅಂದರೆ ಮೈಕಿನ ಕೇಬಲ್ಲಿನಲ್ಲೇ ಬರುವ ಕರೆಂಟ್, ಬರಬೇಕು. ಅದು ಬರುವುದು ಎಕ್ಸ್‌ಎಲ್‌ಆರ್‌ನ 2 ಮತ್ತು 3ನೇ ಪಿನ್ನಿನಲ್ಲಿ. ಜ್ಯಾಕಿನಲ್ಲಿ ಬರುವುದಿಲ್ಲ.

ಸರಿ, ಎರಡೂ ಕಡೆ ಎಕ್ಸ್‌ಎಲ್‌ಆರ್ ಇರುವ ಕೇಬಲ್ ಹಾಕಿದೆ. ಚಾನೆಲ್ ಮ್ಯೂಟ್ ಮಾಡದೆ 48 ವೋಲ್ಟಿನ ಬಟನ್ ಒತ್ತಿದೆ. ಸ್ಪೀಕರಿನಿಂದ "ಢಬ್" ಅಂತ ಬಂದ ಸದ್ದಿಗೆ ನನ್ನ ಎದೆಯೇ ಹಾರಿತು. ಮೊದಲು ಮ್ಯೂಟ್, ಆಮೇಲೆ ಬಟನ್, ಕೆಲವು ಸೆಕೆಂಡ್ ಬಿಟ್ಟು ಚಾನೆಲ್ ಓಪನ್. ಇದನ್ನು ಆವತ್ತಿನಿಂದ ಮರೆತಿಲ್ಲ.

ಇಷ್ಟು ವರ್ಷ ಹಾಡಿದ್ದು ಶೂರ್ ಎಸ್‌ಎಂ58 ಅನ್ನುವ ಡೈನಾಮಿಕ್ ಮೈಕಿನಲ್ಲಿ. 1966ರಲ್ಲಿ ಬಂದ ಆ ಮೈಕ್ ಇವತ್ತಿಗೂ ಎಲ್ಲಾ ಸ್ಟೇಜಿನಲ್ಲೂ ಸಿಗುತ್ತದೆ. ಗಟ್ಟಿಮುಟ್ಟು, ಹೇಗೆ ಹಿಡಿದರೂ ಸಹಿಸಿಕೊಳ್ಳುತ್ತದೆ. ಕಂಡೆನ್ಸರಿನಲ್ಲಿ ಮೊದಲ ಸಾಲು ಹಾಡಿದಾಗ 'ಸ' ಮತ್ತು 'ಶ' ಬೇರೆಬೇರೆಯಾಗಿ ಕೇಳಿಸಿದವು, ಮೆಲ್ಲಗೆ ಹಾಡಿದ ಸಾಲಿನ ಕೊನೆಯ ಉಸಿರೂ ಕೇಳಿಸಿತು. ಖುಷಿಯಾಯಿತು. ಆದರೆ ಆ ಖುಷಿ ಮಾನಿಟರ್, ಅಂದರೆ ಹಾಡುವವರಿಗೆ ತಮ್ಮ ದನಿ ಕೇಳಿಸಲು ಸ್ಟೇಜಿನಲ್ಲಿಡುವ ಸ್ಪೀಕರ್, ಆನ್ ಮಾಡುವವರೆಗೆ ಮಾತ್ರ. ಆನ್ ಮಾಡಿದ್ದೇ ತಡ, ಅದರ ಸದ್ದು ಮತ್ತೆ ಮೈಕಿಗೇ ನುಗ್ಗಿ ಕುಂಯ್ ಅಂತ ಶುರುವಾಯಿತು.

ಸ್ವಲ್ಪ ಪಾಲು ತಪ್ಪು ಗೇನಿನದು, ಅಂದರೆ ಮೈಕಿನ ಸಿಗ್ನಲ್ಲನ್ನು ಮಿಕ್ಸರ್ ಎಷ್ಟು ಹಿಗ್ಗಿಸುತ್ತದೆ ಅನ್ನುವುದರದು. ಕಂಡೆನ್ಸರಿನಿಂದ ಬರುವ ಸಿಗ್ನಲ್ ದೊಡ್ಡದು. ಉದಾಹರಣೆಗೆ, ಒಂದೇ ಮಟ್ಟದ ಸದ್ದಿಗೆ ಎಸ್‌ಎಂ58 ಸುಮಾರು 1.9 ಮಿಲಿವೋಲ್ಟ್ ಕೊಟ್ಟರೆ ನ್ಯೂಮನ್ ಕೆಎಂಎಸ್ 105 ಅನ್ನುವ ಕಂಡೆನ್ಸರ್ ಕೊಡುವುದು 4.5. ಹಳೆಯ ಮೈಕಿಗೆ ಇಟ್ಟಿದ್ದ ಗೇನನ್ನು ಹಾಗೇ ಬಿಟ್ಟರೆ ಕೂಗದೆ ಇನ್ನೇನು ಮಾಡುತ್ತದೆ? ಗೇನ್ ಇಳಿಸಿದೆ. ಕಮ್ಮಿಯಾಯಿತು, ನಿಲ್ಲಲಿಲ್ಲ. ತಗ್ಗು, ಏರು ಸದ್ದುಗಳನ್ನು ಬೇರೆಬೇರೆಯಾಗಿ ಹೊಂದಿಸುವ ಈಕ್ಯೂ ಹಿಡಿದು ಅಲ್ಲಿ ಇಲ್ಲಿ ಕತ್ತರಿಸಿದೆ. ಕೂಗು ನಿಂತಿತು, ಜೊತೆಗೆ ಯಾವ ದನಿಗೆ ಅಂತ ಈ ಮೈಕ್ ಕೊಂಡೆನೋ ಆ ದನಿಯೂ ಹೋಯಿತು!

ಆಮೇಲೆ ಮನೆಯಲ್ಲಿ ಒಂದು ಪ್ರಯೋಗ ಮಾಡಿದೆ. ಸ್ಪೀಕರ್ ಆಫ್ ಮಾಡಿ ಹೆಡ್‌ಫೋನ್ ಹಾಕಿಕೊಂಡೆ. ಮೈಕನ್ನು ಸ್ಟ್ಯಾಂಡಿನಲ್ಲಿ ಮಲಗಿಸಿಟ್ಟೆ. ಫೋನಿನಲ್ಲಿ "ಸ್ಸ್‌ಸ್" ಅನ್ನುವ ಒಂದೇ ಸಮನಾದ ಸದ್ದು ಹಚ್ಚಿ, ಅದನ್ನು ಹಿಡಿದು ಮೈಕಿನ ಸುತ್ತ ನಿಧಾನವಾಗಿ ಸುತ್ತಿದೆ. ಎದುರಿಗಿದ್ದಾಗ ಜೋರು. ಪಕ್ಕಕ್ಕೆ ಬಂದಾಗ ಕಮ್ಮಿ. ಇನ್ನೂ ಸ್ವಲ್ಪ ಹಿಂದಕ್ಕೆ ಹೋದಾಗ ಸದ್ದು ಹೆಚ್ಚುಕಮ್ಮಿ ಮಾಯವೇ ಆಯಿತು. ಪೂರ್ತಿ ಹಿಂದೆ, ಬಾಲದ ಕಡೆ ಹೋದರೆ ಮತ್ತೆ ಕೇಳಿಸಿತು. ನಾನೋ, ಹಿಂದುಗಡೆ ಪೂರ್ತಿ ಕಿವುಡು ಅಂದುಕೊಂಡಿದ್ದೆ. ಕಾರ್ಡಿಯಾಯ್ಡ್, ಅಂದರೆ ಎದುರಿನ ಸದ್ದು ಹಿಡಿದು ನೇರ ಹಿಂದಿನದನ್ನು ಬಿಡುವ ಮೈಕಾದರೆ ಅದು ಸರಿ. ನನ್ನದು ಸೂಪರ್‌ಕಾರ್ಡಿಯಾಯ್ಡ್. ಇದರ ಕಿವಿ ಮಂದವಾಗುವುದು ಮುಂಭಾಗದಿಂದ ಸುಮಾರು 125 ಡಿಗ್ರಿಯಲ್ಲಿ, ಎಡಕ್ಕೂ ಬಲಕ್ಕೂ. ನನ್ನ ಮಾನಿಟರ್ ಮಾತ್ರ ನೇರ ಬಾಲದ ಎದುರಿಗೇ ಕೂತಿತ್ತು.

ಮುಂದಿನ ಕಾರ್ಯಕ್ರಮದಲ್ಲಿ ಮಾನಿಟರನ್ನು ಎಡಕ್ಕೆ ಸರಿಸಿ ನನ್ನತ್ತ ತಿರುಗಿಸಿದೆ. ಸೌಂಡ್ ಇಂಜಿನಿಯರ್ ಅನುಮಾನದಿಂದಲೇ ನೋಡಿದರು. ಈಕ್ಯೂ ಮುಟ್ಟದೆಯೇ ಸದ್ದು ಏರಿಸುವ ಫೇಡರ್ ಮೇಲೇರಿತು, ಕೂಗು ಬರಲಿಲ್ಲ. ಆಮೇಲೆ ಅವರೇನೂ ಮಾತಾಡಲಿಲ್ಲ.

ಇನ್ನು ಕೈಯ ವಿಷಯ. ಜೋಶ್ ಬಂದಾಗ ಮೈಕಿನ ತಲೆಯ ಜಾಲರಿಯನ್ನೇ ಮುಷ್ಟಿಯಲ್ಲಿ ಹಿಡಿಯುವ ಚಟ ನನಗಿತ್ತು. ನೋಡಲು ಸ್ಟೈಲು, ಅಲ್ವಾ? ಆದರೆ ಮೈಕಿಗೆ ದಿಕ್ಕು ತಿಳಿಯುವುದೇ ಜಾಲರಿಯ ಹಿಂಬದಿಯಿಂದ ಒಳಹೋಗುವ ಸದ್ದಿನಿಂದ. ಅದನ್ನು ಮುಚ್ಚಿದರೆ ಎಲ್ಲಾ ಕಡೆಯ ಸದ್ದೂ ಒಳಗೆ ಬರುತ್ತದೆ, ಮಾನಿಟರಿನದೂ ಸೇರಿ. ಈಗ ಹಿಡಿ ಇರುವಲ್ಲೇ ಹಿಡಿಯುತ್ತೇನೆ. ಉಂಗುರ ತೆಗೆದಿಡುತ್ತೇನೆ, ಅದು ಮೈಕಿಗೆ ತಗುಲಿದ ಟಕ್ ಟಕ್ ಕೂಡ ಕೇಳುತ್ತದೆ.

ತಗ್ಗು ಸ್ವರಕ್ಕೆ ತುಟಿಯಿಂದ ಎರಡು ಬೆರಳಿನ ದೂರ, ಜೋರಿನ ಸಾಲಿಗೆ ಒಂದು ಗೇಣಿನ ತನಕ. ಹತ್ತಿರ ಬಂದಷ್ಟೂ ದನಿ ದಪ್ಪವಾಗುತ್ತದೆ, ಅದನ್ನು ಬೇಕಾದಾಗ ಬಳಸಿಕೊಳ್ಳಬಹುದು. 'ಪ', 'ಭ' ಬಂದಾಗ ಧಬ್ ಎನ್ನದಿರಲು ಮೈಕನ್ನು ಬಾಯಿಯ ನೇರಕ್ಕಿಂತ ಒಂಚೂರು ಕೆಳಗೆ, ಗಲ್ಲದ ಕಡೆ ಇಡುತ್ತೇನೆ. ಮಿಕ್ಸರಿನಲ್ಲಿ 80 ಹರ್ಟ್ಸ್‌ನ ಲೋ ಕಟ್ ಹಾಕುತ್ತೇನೆ, ಅದಕ್ಕಿಂತ ತಗ್ಗಿನ ಸದ್ದು ಕಮ್ಮಿಯಾಗುತ್ತದೆ. ಅಷ್ಟೇ.

ಒಮ್ಮೆ ಎಸಿ ಕಾರಿನಿಂದ ಇಳಿದು ಸೀದಾ ಸೆಕೆಯ ಸ್ಟೇಜಿಗೆ ಹೋದೆ. ಎರಡನೇ ಹಾಡಿಗೆ ಮೈಕ್ ಚರಚರ ಅನ್ನಲು ಶುರು. ತಣ್ಣಗಿದ್ದ ಪೊರೆಯ ಮೇಲೆ ತೇವ ಕೂತಿತ್ತು. ಆವತ್ತು ಪೂರ್ತಿ ಹಾಡಿದ್ದು ಬೇರೆಯವರ ಡೈನಾಮಿಕ್ಕಿನಲ್ಲಿ. ಈಗ ಅರ್ಧ ಗಂಟೆ ಮೊದಲೇ ಮೈಕನ್ನು ಡಬ್ಬಿಯಿಂದ ಹೊರಗಿಡುತ್ತೇನೆ. ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣವೂ ಇರುತ್ತದೆ. ಜಾಲರಿಯನ್ನು ಬಿಚ್ಚಿ ತೊಳೆದು, ಪೂರ್ತಿ ಒಣಗಿದ ಮೇಲಷ್ಟೇ ಹಾಕುತ್ತೇನೆ. ಒಳಗಿನ ಪೊರೆಯಿರುವ ಕ್ಯಾಪ್ಸೂಲನ್ನು ಮುಟ್ಟುವುದಿಲ್ಲ.

ಚಿಕ್ಕ ಸ್ಟೇಜು, ಬೆನ್ನ ಹಿಂದೆಯೇ ಡ್ರಮ್ಸ್ ಅಂದರೆ ಇವತ್ತಿಗೂ ಎಸ್‌ಎಂ58 ಹಿಡಿಯುತ್ತೇನೆ. ನಾನು ಹಾಡದಿದ್ದಾಗ ಈ ಕಂಡೆನ್ಸರ್ ಡ್ರಮ್ಮರಿನ ಸಿಂಬಲ್ ತಟ್ಟೆಯನ್ನೇ ಹಾಡಿಸುತ್ತದೆ.

ಒಂದು ಚಟ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ಹಾಡು ಮುಗಿದು ಕೈ ಕೆಳಗಿಳಿದರೆ ಮೈಕಿನ ಮೂತಿ ನೇರ ಮಾನಿಟರಿನತ್ತ. ಹೋದ ಕಾರ್ಯಕ್ರಮದಲ್ಲಿ ಚಪ್ಪಾಳೆಗೆ ತಲೆಬಾಗಿದೆ, ಕೈಯೂ ಬಾಗಿತು. ಕುಂಯ್!