ಯಾವ ತಳಿಯ ಇಲಿ? ಟೈಫಾಯ್ಡ್ ಲ್ಯಾಬಿನ ನನ್ನ ಅನುಭವ

ಮನುಷ್ಯರಿಗೆ ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಟೈಫಿ ಅನ್ನೋ ಬ್ಯಾಕ್ಟೀರಿಯಾ ಸಾಮಾನ್ಯ ಇಲಿಗೆ ಏನೂ ಮಾಡುವುದಿಲ್ಲ. ಅದರ ದಾಯಾದಿ ಟೈಫಿಮ್ಯೂರಿಯಂ ನಮಗೆ ಹೆಚ್ಚಾಗಿ ಭೇದಿ ತರುತ್ತದೆ, ಇಲಿಗೆ ಮಾತ್ರ ಟೈಫಾಯ್ಡಿನಂಥದ್ದೇ ಕಾಯಿಲೆ. ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುವಾಗ ನಾನು ಕೆಲಸ ಮಾಡಿದ್ದು ಈ ಎರಡನೆಯದರ ಮೇಲೆ.

ಮೊದಲು ತಳಿ ಆರಿಸಬೇಕು. ಎಲ್ಲ ಲ್ಯಾಬಿನಲ್ಲೂ ಕಾಣುವ ಕಪ್ಪು ಸಿ57 ಬ್ಲ್ಯಾಕ್ 6, ಬಿಳಿ ಬಾಲ್ಬ್-ಸಿ, ಇವೆರಡರಲ್ಲೂ ಎನ್‌ರ‍್ಯಾಂಪ್-1 ಅನ್ನೋ ಜೀನ್ ಕೆಟ್ಟಿದೆ. ಅದು ತಯಾರಿಸುವ ಪ್ರೋಟೀನಿನ 169ನೇ ಜಾಗದಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾಗಿದೆ, ಅಷ್ಟೇ. ಜೀನ್ ಸರಿ ಇದ್ದರೆ, ಬ್ಯಾಕ್ಟೀರಿಯಾವನ್ನು ನುಂಗಿದ ಮ್ಯಾಕ್ರೋಫೇಜ್ (ರೋಗಾಣುಗಳನ್ನು ನುಂಗುವ ರಕ್ಷಣಾ ಕೋಶ) ಅದಕ್ಕೆ ಬೇಕಾದ ಕಬ್ಬಿಣ, ಮ್ಯಾಂಗನೀಸ್ ಸಿಗದ ಹಾಗೆ ಮಾಡುತ್ತದೆ. ಕೆಟ್ಟಿದ್ದರೆ ಇಲಿ ವಾರ ಕಳೆಯುವುದೇ ಕಷ್ಟ. 129 ತಳಿಯಲ್ಲಿ ಈ ಜೀನ್ ಸರಿ ಇದೆ. ಅದು ಸೋಂಕನ್ನು ವಾರಗಟ್ಟಲೆ ಹೊತ್ತುಕೊಂಡೇ ಆರಾಮಾಗಿ ಓಡಾಡುತ್ತದೆ. ಬ್ಯಾಕ್ಟೀರಿಯಾ ಅದೇ, ಕಥೆ ಬೇರೆ. ಹಾಗಾಗಿ ಯಾರಾದರೂ ಸುಮ್ನೆ ‘ಇಲಿಗಳಲ್ಲಿ ಹೀಗಾಯ್ತು’ ಅಂದರೆ ನಾನು ಕೇಳುವ ಮೊದಲ ಮಾತು: ಯಾವ ತಳಿ?

ಸೋಂಕು ಕೊಡುವುದು ಬಾಯಿಯ ಮೂಲಕ. ಕತ್ತಿನ ಹಿಂದಿನ ಚರ್ಮವನ್ನು ಬಿಗಿಯಾಗಿ ಹಿಡಿದು, ತುದಿಯಲ್ಲಿ ಗುಂಡು ಇರುವ ಸೂಜಿಯನ್ನು ಬಾಯಿಯ ಪಕ್ಕದಿಂದ ಇಳಿಸಬೇಕು. ದೂಡಬಾರದು. ದಾರಿ ಸರಿ ಇದ್ದರೆ ಅದು ತಾನಾಗೇ ಜಾರುತ್ತದೆ. ಸ್ವಲ್ಪ ತಡೆದರೂ ಹೊರಗೆ ತೆಗೆಯಿರಿ, ಶ್ವಾಸನಾಳಕ್ಕೆ ಹೋದರೆ ಇಲಿ ಉಳಿಯಲ್ಲ. ಬಾಲ ಹಿಡಿದು ಎತ್ತುವುದನ್ನು ನಾನು ಬೇಗ ಬಿಟ್ಟೆ. ಪ್ಲಾಸ್ಟಿಕ್ ಕೊಳವೆಯೊಳಗೆ ಅದೇ ನಡೆದು ಬರಲಿ. ಹೆದರಿದ ಇಲಿಯಲ್ಲಿ ಒತ್ತಡದ ಹಾರ್ಮೋನ್ ಜಾಸ್ತಿ, ಅದು ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುತ್ತದೆ. ನಾವು ಅಳೆಯಲು ಹೊರಟಿರೋದು ಅದನ್ನೇ ಅಲ್ವಾ? ಸೋಂಕಿಲ್ಲದ ಇಲಿಗಳಿಗೆ ಬೇರೆ ಪಂಜರ ಬೇಕೇ ಬೇಕು. ಇಲಿಗಳು ಹಿಕ್ಕೆ ತಿನ್ನುತ್ತವೆ, ಸೋಂಕು ಹಾಗೇ ದಾಟಿಬಿಡುತ್ತದೆ.

ದಿನಾ ತೂಕ ನೋಡುತ್ತಿದ್ದೆವು. ನೈತಿಕ ಸಮಿತಿ ಒಪ್ಪಿದ ನಮ್ಮ ಯೋಜನೆಯಲ್ಲಿ ಶೇ. 20 ತೂಕ ಇಳಿದ ಇಲಿಯನ್ನು ನೋವಿಲ್ಲದಂತೆ ಕೊಲ್ಲಬೇಕಿತ್ತು. ಅದು ಅಭ್ಯಾಸವಾಗುತ್ತದೆ ಅಂತ ಸೀನಿಯರ್‌ಗಳು ಹೇಳುತ್ತಿದ್ದರು. ನನಗಂತೂ ಆಗಲಿಲ್ಲ.

ಆಮೇಲಿನದು ಲೆಕ್ಕದ ಕೆಲಸ. ಸೋಂಕು ತಗುಲಿದ ಗುಲ್ಮ ಊದಿಕೊಂಡಿರುತ್ತದೆ, ಬರಿಗಣ್ಣಿಗೇ ಗೊತ್ತಾಗುತ್ತದೆ. ತೂಗಿ, ತಣ್ಣನೆಯ ಉಪ್ಪುದ್ರಾವಣದಲ್ಲಿ ಅರೆದು, ಪ್ರತಿ ಸಲ ಹತ್ತು ಪಟ್ಟು ತೆಳು ಮಾಡುತ್ತಾ ಎಸ್‌ಎಸ್ ಅಗಾರ್ (ಸಾಲ್ಮೊನೆಲ್ಲಾ ಬೆಳೆಸಿ ಗುರುತಿಸುವ ಜೆಲ್ಲಿಯಂಥ ಪದಾರ್ಥ) ಮೇಲೆ ಹರಡಿದರೆ, ಮರುದಿನ ನಡುವೆ ಕಪ್ಪು ಚುಕ್ಕೆ ಇರುವ ಕಾಲೊನಿಗಳು, ಅಂದರೆ ಬ್ಯಾಕ್ಟೀರಿಯಾದ ಗುಂಪುಗಳು. ಎಣಿಸುವುದಷ್ಟೇ ಬಾಕಿ.

ಇಷ್ಟಾದರೂ ಲ್ಯಾಬ್ ಇಲಿಯ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲ. ಅತಿ ಶುಚಿಯಾಗಿ ಬೆಳೆದ ಅದರ ರೋಗನಿರೋಧಕ ವ್ಯವಸ್ಥೆ ನವಜಾತ ಶಿಶುವಿನದಕ್ಕೆ ಹತ್ತಿರ. 2016ರಲ್ಲಿ ಅಮೆರಿಕದ ಸಂಶೋಧಕರು ಪೆಟ್ ಅಂಗಡಿಯ ಇಲಿಗಳ ಜೊತೆ ಲ್ಯಾಬ್ ಇಲಿಗಳನ್ನು ಬಿಟ್ಟರು. ಕೆಲವು ಸತ್ತವು. ಉಳಿದವುಗಳ ವ್ಯವಸ್ಥೆ ವಯಸ್ಕ ಮನುಷ್ಯರದನ್ನು ಹೋಲತೊಡಗಿತು. ಅದಕ್ಕೇ ಟಿ-ಕೋಶಗಳು (ಒಂದು ಬಗೆಯ ಬಿಳಿ ರಕ್ತಕಣ) ಹಿಂದಿನ ಸೋಂಕನ್ನು ನೆನಪಿಟ್ಟುಕೊಳ್ಳುವ ವಿಷಯ ಬಂದಾಗ ನಾನು ಮನುಷ್ಯರ ರಕ್ತದ ಮಾದರಿಯಲ್ಲೂ ನೋಡದೆ ಏನೂ ಹೇಳುವುದಿಲ್ಲ.