ಮಂಕು ಕವಿದ ತಲೆಗೆ ಸಂಬಂಧದ ಮಾತು: ಶಿರಸಿಯಲ್ಲಿ ನನ್ನ ಅನುಭವ

ತಲೆಗೆ ಮಂಕು ಕವಿದವರಿಗೆ ನಾನು ಮಾತಿನ ಚಿಕಿತ್ಸೆ ಕೊಡುತ್ತೇನೆಂದಾಗ, ‘ಮಾತಾಡಿಸಿದರೆ ಮಂಕು ಬಿಡುತ್ತದೆಯೇ, ಮಾರಾಯರೇ?’ ಎಂದು ವೈದ್ಯ ಮಿತ್ರರೊಬ್ಬರು ನಕ್ಕಿದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಅಡಿಕೆ ತೋಟದ ಮನೆಯ, ಐವತ್ತೈದರ ಆಸುಪಾಸಿನ ಗೃಹಿಣಿಯೊಬ್ಬರು ‘ತಲೆಗೆ ಮಂಕು ಕವದಾಂಗೆ ಆಗ್ತು’ ಎನ್ನುತ್ತ ಬಂದರು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಒಲೆಯ ಮೇಲಿನ ಹಾಲು ಉಕ್ಕುತ್ತಿತ್ತು, ಸೊಸೈಟಿಯ ಲೆಕ್ಕ ತಪ್ಪುತ್ತಿತ್ತು. ಥೈರಾಯ್ಡ್ ಸರಿಯಿತ್ತು. ಬಿ12 ಕಡಿಮೆಯಿದ್ದುದರಿಂದ ವೈದ್ಯರು ಚುಚ್ಚುಮದ್ದು ಕೊಟ್ಟರು. ಸುಸ್ತು ಹೋಯಿತು, ಮಂಕು ಹೋಗಲಿಲ್ಲ. ಪಿಎಚ್‌ಕ್ಯೂ-9 ಎಂಬ ಖಿನ್ನತೆಯ ಪ್ರಶ್ನಾವಳಿಯಲ್ಲಿ (ಅಂಕ ಹೆಚ್ಚಿದಷ್ಟೂ ಖಿನ್ನತೆ ಹೆಚ್ಚು) ಅಂಕ 16 ಅಥವಾ 17 ಇದ್ದ ನೆನಪು.

ನೆನಪಿನ ಅಭ್ಯಾಸ, ಉಸಿರಾಟ, ದಿನಚರಿಯ ಪಟ್ಟಿ ಎಂದು ನಾನು ಮೊದಲ ಆರು ವಾರಗಳನ್ನು ಹಾಳುಮಾಡಿದೆ. ಭೇಟಿಗೆ 300ರಂತೆ ಅವರ 1,800 ರೂಪಾಯಿ ನೀರಿಗೆ ಹೋಯಿತು. ಶಕ್ತಿ ಯೋಜನೆಯಿಂದ ಬಸ್ಸಾದರೂ ಪುಕ್ಕಟೆಯಾಗಿದ್ದುದು ಪುಣ್ಯ. ನಾಚಿಕೆಯಿಂದ ಮುಂದಿನ ನಾಲ್ಕು ಭೇಟಿಗಳಿಗೆ ಹಣ ಪಡೆಯಲಿಲ್ಲ.

ಆಮೇಲೆ, ಅಮೆರಿಕದ ಸಂಶೋಧಕರಾದ ಕ್ಲರ್ಮನ್ ಮತ್ತು ವೈಸ್‌ಮನ್ 1970ರ ದಶಕದಲ್ಲಿ ಖಿನ್ನತೆಗೆಂದು ರೂಪಿಸಿದ, ಹತ್ತಿರದವರೊಡನಿನ ಸಂಬಂಧದ ತೊಡಕುಗಳನ್ನು ಮಾತಿನಲ್ಲಿ ಬಿಡಿಸುವ ಅಂತರ್‌ವೈಯಕ್ತಿಕ ಚಿಕಿತ್ಸೆಗೆ ಮರಳಿದೆ. ಅಲ್ಲಿಯೂ ಅತ್ತೆಯ ಸಾವಿನ ದುಃಖವೇ ಮೂಲವೆಂದು ಹಿಡಿದು ಎರಡು ಭೇಟಿ ಎಡವಿದೆ. ಮಂಕು ಕವಿದ ಗಳಿಗೆಯ ಪಕ್ಕದಲ್ಲಿ, ಅದಕ್ಕೆ ಮುಂಚೆ ಯಾರೊಡನೆ ಮಾತಾಡಿದಿರಿ ಎಂಬುದನ್ನೂ ಬರೆಯಿಸಿದಾಗ, ಭಾನುವಾರದ ಮಧ್ಯಾಹ್ನಗಳು ಎದ್ದು ಕಂಡವು. ಬೆಂಗಳೂರಿನಲ್ಲಿ ನೆಲೆಸಿದ ಮಗನ ಫೋನು ಬರುತ್ತಿದ್ದುದು ಆಗಲೇ. ‘ಎಲ್ಲ ಅರಾಮಿದ್ದು’ ಎಂದು ಇವರು ಎರಡೇ ನಿಮಿಷದಲ್ಲಿ ಇಟ್ಟುಬಿಡುತ್ತಿದ್ದರು. ಈ ಚಿಕಿತ್ಸೆಯ ಆರನೆಯ ಭೇಟಿಯಲ್ಲಿ ಆ ಮಾತುಕತೆಯನ್ನು ಒಂದೊಂದು ಶಬ್ದವಾಗಿ ಮರಳಿ ಕಟ್ಟಿದೆವು. ಹಾಗೆ ಕಟ್ಟುವಾಗ ನಾನು ಮೊದಲು ಕೇಳುವ ಪ್ರಶ್ನೆಯನ್ನು ಇಲ್ಲಿ ಹೇಳುವುದಿಲ್ಲ. ಶಿರಸಿಗೆ ಬಂದವರಿಗೆ ಚಹದ ಜೊತೆಗೆ ಹೇಳುತ್ತೇನೆ. ಮೂರು ವಾರ ತಾಲೀಮು ಮಾಡಿದ ಮೇಲೆ, ‘ನೀನು ಬರದೆ ಎರಡು ದೀಪಾವಳಿಯಾಯಿತು’ ಎಂದು ಮಗನಿಗೆ ಅವರೇ ಹೇಳಿದರು.

ನಡುವೆ ಪ್ರಯೋಗಕ್ಕೆಂದು ಯಜಮಾನರನ್ನು ಕರೆಸಿದ್ದೆ. ಐವತ್ತು ನಿಮಿಷಗಳಲ್ಲಿ ನಲವತ್ತೈದನ್ನು ಅವರು ಅಡಿಕೆಯ ಕೊಳೆ ರೋಗ ಮತ್ತು ಅದಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೇ ವ್ಯಯಿಸಿದರು. ಮಳೆಗಾಲದಲ್ಲಿ ಫೋನಿನ ಮೂಲಕ ನಡೆಸಲು ನೋಡಿದ್ದೂ ನೆಟ್‌ವರ್ಕ್ ಇಲ್ಲದೆ ಕೆಟ್ಟಿತು.

ಈ ಚಿಕಿತ್ಸೆಯ ಹದಿನಾಲ್ಕು ಭೇಟಿಗಳಾಗುವಷ್ಟರಲ್ಲಿ ಅಂಕ 5ರ ಹತ್ತಿರಕ್ಕೆ ಇಳಿದಿತ್ತು, ಸೊಸೈಟಿಯ ಲೆಕ್ಕವನ್ನು ಅವರೇ ಬರೆಯುತ್ತಿದ್ದರು. ನಕ್ಕಿದ್ದ ಮಿತ್ರರು ಅನಂತರ ತಾವಾಗಿ ಇಬ್ಬರನ್ನು ಕಳುಹಿಸಿದರು. ಒಬ್ಬರು ಚೇತರಿಸಿಕೊಂಡರು, ಇನ್ನೊಬ್ಬರ ಗೊರಕೆಯ ವಿಷಯವನ್ನು ನಾನು ವಿಚಾರಿಸಿರಲೇ ಇಲ್ಲ, ಹತ್ತು ಭೇಟಿಗಳ ಮೇಲೆ ಹುಬ್ಬಳ್ಳಿಯಲ್ಲಿ ಮಾಡಿಸಿದ ನಿದ್ರೆಯ ಪರೀಕ್ಷೆಯಲ್ಲಿ, ಮಲಗಿದಾಗ ಉಸಿರು ಕಟ್ಟುವ ತೊಂದರೆ ಹೊರಬಿತ್ತು.